ಮೊದಲ ಇಪ್ಪತ್ತೆಂಟು ದಿನ

ಹಿಟ್ಟಿನ ಗಿರಣಿಯಲ್ಲಿ ಅವನಿಗೆ ಚಿಟಿಕೆ ಎಂಬ ಅಡ್ಡಹೆಸರು ಬಿದ್ದಾಗ ವಯಸ್ಸು ಮೂವತ್ತೆಂಟು. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಬೇಕಾದ ಆಳು. ಐವತ್ತು ಕಿಲೋ ಚೀಲವನ್ನು ದಿಂಬಿನ ಹಾಗೆ ಬಗಲಿಗೆ ಹಾಕಿಕೊಳ್ಳುತ್ತಿದ್ದ. ಅಂಥವನಿಗೆ ಚಿಟಿಕೆ ಎಂದು ಹೆಸರಿಟ್ಟವನು ಚೀಲದ ಬಾಯಿ ಹೊಲಿಯುವ ಮುದುಕ. ಆ ಮುದುಕನ ಬಾಯಿಗೆ ಬಿದ್ದವರು ಯಾರೂ ಹೆಸರಿಲ್ಲದೆ ಎದ್ದು ಬಂದದ್ದಿಲ್ಲ.

ಆ ವರ್ಷ ಗಿರಣಿಯಲ್ಲಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಜೊತೆಗೊಂದು ವಿಟಮಿನ್ ಬೆರೆಸುವ ಏರ್ಪಾಡು ಬಂತು. ಹಿಟ್ಟು ಸಾಗಿ ಹೋಗುವ ಉದ್ದನೆಯ ಕೊಳವೆಯ ಮೇಲೆ, ಹೊಲಿಗೆ ಯಂತ್ರದಷ್ಟು ದೊಡ್ಡದಾದ ಒಂದು ಉಕ್ಕಿನ ಡಬ್ಬ ಕೂರಿಸಿದರು. ಅದರೊಳಗಿನ ತಿರುಪು ನಿಧಾನವಾಗಿ ತಿರುಗಿ ಪುಡಿಯನ್ನು ಉದುರಿಸುತ್ತಿತ್ತು. ಒಂದು ಟನ್ ಹಿಟ್ಟಿಗೆ ಕಾಲು ಕಿಲೋ ಪುಡಿ. ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾಗಲೂ ಬಾರದು. ಹದಿನಾರು ವರ್ಷ ಜರಡಿಗಳ ನಡುವೆ ಕೆಲಸ ಮಾಡಿ, ಜರಡಿ ಹರಿದದ್ದನ್ನು ಬರಿಯ ಸದ್ದಿನಿಂದಲೇ ಗುರುತಿಸುತ್ತಿದ್ದ ಅವನಿಗೆ ಮೇಲ್ವಿಚಾರಕರು ಆ ಡಬ್ಬವನ್ನು ವಹಿಸಿದರು.

"ಟನ್ನಿಗೆ ಕಾಲು ಕಿಲೋನಾ?" ಮುದುಕ ನಕ್ಕ. "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಇಷ್ಟು ದೊಡ್ಡ ಆಳು ದಿನವಿಡೀ ಚಿಟಿಕೆ ಚಿಟಿಕೆ ಉದುರಿಸ್ತಾ ಕೂರಬೇಕೇನಯ್ಯಾ? ಬಾರೋ ಚಿಟಿಕೆ!"

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಅದರ ಹಿಂದಿನ ಎರಡು ದಿನ ಮಹಡಿಯ ಕೋಣೆಯಲ್ಲಿ ನಡೆದ ತರಬೇತಿಯಿಂದ ಅವನಿನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ.

ತರಬೇತಿ ಕೊಡಲು ಬಂದಿದ್ದಾಕೆ ದಾರ ಕಟ್ಟಿದ ಕನ್ನಡಕವನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡ ನಡುವಯಸ್ಸಿನ ಹೆಂಗಸು. ಪಾಠ ಹೇಳುವ ಮೇಡಂ ಹಾಗೆಯೇ ಇದ್ದರು. ಪುಡಿಯ ಪೆಟ್ಟಿಗೆಯನ್ನು ಬೆಳಕಿಗೆ ತೆರೆದಿಡಬೇಡಿ, ಗಂಟೆಗೊಂದು ಸಲ ಡಬ್ಬದ ಕೆಳಗೆ ಒಂದು ನಿಮಿಷ ತಟ್ಟೆ ಹಿಡಿದು ಬಿದ್ದಷ್ಟನ್ನು ತೂಗಿ ಬರೆದಿಡಿ ಎಂದೆಲ್ಲ ಹೇಳಿದರು. ಆಮೇಲೆ ಬೋರ್ಡಿನ ಮೇಲೆ ಚಪ್ಪಟೆಯ ಒಂದು ಪಟ್ಟಿ ಬರೆದು, ಅದರ ಎರಡೂ ಅಂಚು ಮೇಲೆದ್ದು ಮಡಚಿಕೊಂಡು ಕೊಳವೆಯಾಗುವುದನ್ನು ತೋರಿಸಿದರು.

"ಕಬ್ಬಿಣಾಂಶ ಈಗ ಬದುಕಿರೋ ನಮ್ಮಂಥೋರಿಗೆ. ಫೋಲಿಕ್ ಆಮ್ಲ ಮುಖ್ಯವಾಗಿ ಇನ್ನೂ ಹುಟ್ಟದೇ ಇರೋರಿಗೆ. ಹೊಟ್ಟೆಯಲ್ಲಿ ಮಗು ಮೊದಲು ಹೀಗೊಂದು ಪಟ್ಟಿ. ಇದು ಮಡಚಿ ನಾಳ ಆಗುತ್ತೆ. ಮೇಲಿನ ತುದಿ ಮೆದುಳು, ಉಳಿದದ್ದು ಬೆನ್ನುಹುರಿ. ಗರ್ಭ ಕಟ್ಟಿದ ಇಪ್ಪತ್ತೆಂಟು ದಿನದೊಳಗೆ ಇದು ಮುಚ್ಚಿಕೊಳ್ಳಬೇಕು. ಮೇಲೆ ಮುಚ್ಚದಿದ್ರೆ ತಲೆಬುರುಡೆ ಕೂಡಲ್ಲ, ಕೆಳಗೆ ಮುಚ್ಚದಿದ್ರೆ ಬೆನ್ನು ತೆರೆದೇ ಇರುತ್ತೆ. ಈಗ ಹೇಳಿ, ಇಪ್ಪತ್ತೆಂಟು ದಿನಕ್ಕೆ ಎಷ್ಟು ಹೆಂಗಸರಿಗೆ ತಾವು ಬಸುರಿ ಅಂತ ಗೊತ್ತಿರುತ್ತೆ?"

ಗಂಡಸರು ಟೀ ಲೋಟದೊಳಗೆ ನೋಡಿಕೊಂಡು ಕೂತಿದ್ದರು.

"ಬಹಳ ಜನಕ್ಕೆ ಗೊತ್ತಿರಲ್ಲ. ಗೊತ್ತಾಗಿ, ಡಾಕ್ಟರನ್ನ ಕಂಡು, ಮಾತ್ರೆ ಶುರು ಮಾಡೋ ಹೊತ್ತಿಗೆ ಮುಚ್ಚಬೇಕಾದ್ದು ಮುಚ್ಚಿ ಆಗಿರುತ್ತೆ. ಇಲ್ಲಾಂದ್ರೆ ಇಲ್ಲ. ಅದಕ್ಕೇ ಮಾತ್ರೆ ಮೊದಲೇ ಶುರುವಾಗಬೇಕು. ಅದಕ್ಕೇ ಹಿಟ್ಟಿಗೂ ಹಾಕೋದು, ಗೊತ್ತಿಲ್ಲದೆ ಇದ್ದೋಳಿಗೂ ಒಂದಿಷ್ಟು ಸಿಗಲಿ ಅಂತ."

ಅವನ ಕೈಯಲ್ಲಿದ್ದ ಟೀ ಆರಿ ಕೆನೆಗಟ್ಟಿತು.

ನಾಲ್ಕು ವರ್ಷದ ಹಿಂದೆ ಅವನ ಹೆಂಡತಿ ಐದು ತಿಂಗಳ ಬಸುರಿ. ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಗಾಜು ಒಡೆಯುತ್ತದೆ, ಹಾಗಾಗಿ ಅವಳ ಕೈ ಎಂದೂ ನಡುಗುತ್ತಿರಲಿಲ್ಲ. ಸ್ಕ್ಯಾನಿಂಗ್ ಕೋಣೆಯಲ್ಲಿ ಹುಡುಗಿಯೊಬ್ಬಳು ಹರಟುತ್ತ ಹರಟುತ್ತ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಡಾಕ್ಟರನ್ನು ಕರೆಯಲು ಎದ್ದುಹೋದಾಗ ಮಾತ್ರ ಅವಳ ಕೈ ನಡುಗಿದ್ದನ್ನು ಅವನು ಕಂಡ. ಮಗುವಿನ ತಲೆಬುರುಡೆ ಕೂಡಿರಲಿಲ್ಲ. ಹುಟ್ಟಿದರೂ ಬದುಕುವಂತಿರಲಿಲ್ಲ. ಅದೇ ವಾರ ಎಲ್ಲ ಮುಗಿಯಿತು.

ಗಂಡು ಮಗು. ನರ್ಸು ಬಂದು, "ನೋಡ್ತೀರಾ?" ಎಂದು ಮೆಲ್ಲಗೆ ಕೇಳಿದಳು. ಹೆಂಡತಿ ಗೋಡೆಯ ಕಡೆ ಹೊರಳಿದಳು. ಅವನು "ನಾನು ನೋಡ್ತೀನಿ" ಎಂದು ಪಕ್ಕದ ಕೋಣೆಗೆ ಹೋದ. ಎಷ್ಟು ಹೊತ್ತು ಎತ್ತಿಕೊಂಡಿದ್ದನೋ, ಐದು ನಿಮಿಷವಿರಬಹುದು. ಹೊರಗೆ ಬಂದಾಗ ಅವಳು ಏನೂ ಕೇಳಲಿಲ್ಲ. ಕೇಳಿದಾಗ ಹೇಳೋಣವೆಂದು ಅವನೂ ಸುಮ್ಮನಾದ. ನಾಲ್ಕು ವರ್ಷವಾದರೂ ಅವಳು ಕೇಳಿರಲಿಲ್ಲ. ಬೇರೆ ಯಾರೂ ನೋಡಿರದ ಒಂದು ಮುಖವನ್ನು ಅವನೊಬ್ಬನೇ ಹೊತ್ತು ತಿರುಗಿದ. ಗಿರಣಿಯಲ್ಲಿ ಜರಡಿಗಳು ಒಂದೇ ಸಮ ಅಲುಗುವಾಗ ಆ ಮುಖ ತಾನಾಗಿ ಬಂದು ನಿಲ್ಲುತ್ತಿತ್ತು. ಅದರ ಬಗ್ಗೆ ಯಾರಿಗಾದರೂ ಹೇಳಬೇಕೆನ್ನಿಸುತ್ತಿತ್ತು. ಹೇಳಿದರೆ ಅವಳಿಗೇ ಹೇಳಬೇಕು.

ಆಸ್ಪತ್ರೆಯಿಂದ ಹೊರಡುವ ದಿನ ಡಾಕ್ಟರಮ್ಮ ಚೀಟಿ ಬರೆದುಕೊಟ್ಟಿದ್ದರು. "ಮತ್ತೆ ಮಗು ಬೇಕು ಅನ್ನಿಸಿದಾಗ, ಅದಕ್ಕೆ ಮೂರು ತಿಂಗಳು ಮೊದಲೇ ಈ ಫೋಲಿಕ್ ಆಮ್ಲ ಶುರು ಮಾಡಿ. ಎಲ್ಲರೂ ತಗೊಳ್ಳೋದಕ್ಕಿಂತ ನಿಮ್ಮದು ಹತ್ತುಪಟ್ಟು ಜಾಸ್ತಿ. ಹಿಂದೆ ಹೀಗಾದೋರಿಗೆ ಮಾತ್ರ ಇಷ್ಟು. ಚೀಟಿ ಇಲ್ಲದೆ ಬೇರೆಯೋರಿಗೆ ಕೊಡಬೇಡಿ."

ಅವನು ಅಂದೇ ಮಾತ್ರೆ ತಂದು ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಬಾಚಣಿಗೆಯ ಪಕ್ಕ ಇಟ್ಟ.

"ಈಗ ಬೇಡ" ಎಂದಳು ಅವಳು.

"ಅವಸರ ಏನಿಲ್ಲ" ಎಂದ ಅವನು.

ಈಗ ಬೇಡ ಎಂಬ ಎರಡು ಮಾತು ನಾಲ್ಕು ವರ್ಷ ಉದ್ದವಾಯಿತು. ಮಾತ್ರೆಗಳ ಅವಧಿ ಮುಗಿದಾಗಲೆಲ್ಲ ಅವನು ಡಾಕ್ಟರಮ್ಮನ ಹತ್ತಿರ ಹೊಸ ಚೀಟಿ ಬರೆಸಿ, ಹೊಸ ಪಟ್ಟಿ ತಂದು ಅದೇ ಜಾಗದಲ್ಲಿಡುತ್ತಿದ್ದ. ಅವಳು ಹಲಗೆ ಒರೆಸುವಾಗ ಅದನ್ನೆತ್ತಿ, ಕೆಳಗಿನ ಧೂಳು ತೆಗೆದು, ಇದ್ದ ಹಾಗೇ ಇಡುತ್ತಿದ್ದಳು. ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುತ್ತ ಅವನು ಕಣ್ಣಲ್ಲೇ ಎಣಿಸುತ್ತಿದ್ದ. ಹತ್ತಕ್ಕೆ ಹತ್ತೂ ಇರುತ್ತಿದ್ದವು. ಬಾಯಿಬಿಟ್ಟು ಕೇಳಿದರೆ ಅದು ಒತ್ತಾಯವಾದೀತು ಎಂಬ ಅಂಜಿಕೆ. ಆ ಮನೆಯಲ್ಲಿ ಮೊದಲ ಮಾತ್ರೆ ನುಂಗುವುದೆಂದರೆ ನಾನು ಸಿದ್ಧ ಎಂದು ಹೇಳಿದ ಹಾಗೆ. ಆ ಮಾತು ಅವಳದೇ ಆಗಬೇಕಿತ್ತು.

ಅವಳ ಎದೆಯಲ್ಲಿ ಒಂದು ಮುಳ್ಳು ಮುರಿದುಕೊಂಡಿದೆ ಎಂಬುದೂ ಅವನಿಗೆ ಗೊತ್ತಿತ್ತು. ಆ ಸಲ ಎರಡನೆಯ ತಿಂಗಳೂ ನಿಂತಮೇಲೆ ಅಂಗಡಿಯ ಕೆಲಸದ ಒತ್ತಡದಲ್ಲಿ ಅವಳು ಡಾಕ್ಟರ ಹತ್ತಿರ ಹೋಗುವುದನ್ನು ಎರಡು ವಾರ ಮುಂದೂಡಿದ್ದಳು. "ಎರಡು ವಾರ ಮುಂಚೆ ಹೋಗಿ ಮಾತ್ರೆ ತಿಂದಿದ್ರೆ ಹೀಗಾಗ್ತಿತ್ತೋ ಇಲ್ವೋ" ಎಂದು ಅವನ ಅಮ್ಮ ಒಮ್ಮೆ ಅಂದುಬಿಟ್ಟಿದ್ದರು. ಒಂದೇ ಸಲ. ಅಷ್ಟು ಸಾಕಾಗಿತ್ತು.

ಹಾಗಾಗಿ ತರಬೇತಿಯ ದಿನ ಸಂಜೆ ಅವನು ಬಸ್ಸಿಗೂ ಕಾಯದೆ ಮನೆಗೆ ಓಡುನಡಿಗೆಯಲ್ಲಿ ಬಂದ. ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು.

"ಇಲ್ಲಿ ಕೇಳು, ಆ ಎರಡು ವಾರ ಇದೆಯಲ್ಲ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ! ಇಪ್ಪತ್ತೆಂಟು ದಿನಕ್ಕೇ ಎಲ್ಲ ಆಗಿಹೋಗಿರುತ್ತಂತೆ. ನೀನು ಡಾಕ್ಟರ ಹತ್ತಿರ ಹೋಗಬೇಕು ಅಂದುಕೊಳ್ಳೋಕೂ ಮುಂಚೆ! ನಿನ್ನ ತಪ್ಪು ಏನೇನೂ ಇಲ್ಲ ಕಣೇ."

ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದ. ಅವಳು ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಅಂದ್ರೆ, ಅದಕ್ಕೂ ಮುಂಚೆ ದಿನಾ ಒಂದು ಮಾತ್ರೆ ನುಂಗಿದ್ದಿದ್ರೆ?"

"ಆಗ... ಆಗದೇನೂ ಇರಬಹುದಿತ್ತು."

"ಅವನು ಇರ್ತಿದ್ದ."

"ಇರಬಹುದಿತ್ತು. ಹೇಳೋಕಾಗಲ್ಲ."

"ಇರಬಹುದಿತ್ತು" ಎಂದು ಅವಳು ತನಗೇ ಎಂಬಂತೆ ಹೇಳಿಕೊಂಡಳು. "ಯಾರಾದ್ರೂ ಒಬ್ರು ಒಂದು ಮಾತು ಹೇಳಿದ್ದಿದ್ರೆ."

ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಹಾಗಾಯಿತು. ಹಳೆಯ ಮುಳ್ಳು ತೆಗೆಯಲು ಹೋಗಿ ಅವನು ಅದಕ್ಕಿಂತ ಆಳಕ್ಕೆ ಇನ್ನೊಂದನ್ನು ಚುಚ್ಚಿದ್ದ. ಮುಂದಿನ ಹತ್ತು ಹನ್ನೆರಡು ದಿನ ಮನೆಯಲ್ಲಿ ಉಪ್ಪು, ನೀರು, ಬೀಗದ ಕೈ ಇವುಗಳ ಹೊರತು ಬೇರೆ ಮಾತಿರಲಿಲ್ಲ. ಅವಳು ಹಲಗೆ ಒರೆಸುವುದನ್ನೂ ಬಿಟ್ಟಳು. ಅವನು ಗಿರಣಿಯಲ್ಲಿ ಗಂಟೆಗೊಂದು ಸಲ ತಟ್ಟೆ ಹಿಡಿದ, ತೂಗಿದ, ಬರೆದಿಟ್ಟ. ಹಿಟ್ಟಿನ ಚೀಲಗಳು ಲಾರಿಯೇರಿ ಹೋಗುತ್ತಿದ್ದವು. ಯಾವುದೋ ಬೇಕರಿಗೆ, ಯಾವುದೋ ಮನೆಗೆ, ಅಲ್ಲಿ ಬ್ರೆಡ್ಡಿನ ಚೂರು ಬಾಯಿಗಿಡುತ್ತ ತನ್ನೊಳಗೆ ಏನು ಮಡಚಿಕೊಳ್ಳುತ್ತಿದೆ ಎಂದು ಇನ್ನೂ ಗೊತ್ತಿಲ್ಲದ ಯಾರೋ ಒಬ್ಬಳ ಬಳಿಗೆ. ಅವಳ್ಯಾರೆಂದು ಅವನಿಗೆ ಎಂದೂ ಗೊತ್ತಾಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಈ ಡಬ್ಬ ಇಲ್ಲಿ ಇದ್ದಿದ್ದರೆ ಎಂದು ಯೋಚಿಸುತ್ತ ಎಷ್ಟೋ ಸಲ ತಟ್ಟೆಯನ್ನು ನಿಮಿಷ ಮೀರಿ ಹಿಡಿದು, ಮತ್ತೆ ಮೊದಲಿನಿಂದ ತೂಗಿದ.

ಒಂದು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಅಮ್ಮ ಬಾಯಿ ತೆಗೆದರು. ಗಿರಣಿಯ ಹೊಸ ಕೆಲಸದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಹಿಟ್ಟಿಗೆ ಔಷಧಿ ಹಾಕೋ ಕಾಲ ಬಂತು! ನಾನು ಐದು ಹೆತ್ತೆ. ಒಂದು ಮಾತ್ರೆಯ ಮುಖ ನೋಡಿದ್ದಿಲ್ಲ."

ಹೆಂಡತಿ ತಲೆಯೆತ್ತದೆ ಹೇಳಿದಳು: "ಹೆತ್ತಿದ್ದು ಐದು ಅತ್ತೆ. ಇರೋರು ಮೂವರು."

ಅಮ್ಮ ತುತ್ತನ್ನು ಹಾಗೆಯೇ ತಟ್ಟೆಗೆ ಬಿಟ್ಟರು. ಅವನು ಇಬ್ಬರ ಮುಖವನ್ನೂ ನೋಡಲಾರದೆ ಲೋಟದ ನೀರು ಕುಡಿದ. ಈಗ ಜಗಳವಾಗುತ್ತದೆ ಎಂದುಕೊಂಡ. ಆಗಲಿಲ್ಲ. ಅಮ್ಮ ಅವನನ್ನಲ್ಲ, ಸೊಸೆಯನ್ನು ನೋಡಿ ಹೇಳಿದರು:

"ಒಂದು ಜ್ವರಕ್ಕೆ ಹೋಯ್ತು. ಇನ್ನೊಂದಕ್ಕೆ ಹುಟ್ಟುವಾಗಲೇ ಬೆನ್ನಲ್ಲಿ ಗಾಯ. ಸೊಂಟದ ಮೇಲೆ, ಇಷ್ಟಗಲ, ಚರ್ಮವೇ ಇರಲಿಲ್ಲ. ಹೆಣ್ಣು. ಒಂಬತ್ತು ದಿನ ಹಾಲು ಕುಡೀತು. ನಾನೇನೋ ಭಾರ ಎತ್ತಿದೆ, ಅದಕ್ಕೇ ಹೀಗಾಯ್ತು ಅಂದ್ರು ಎಲ್ಲರೂ. ನಾನೂ ಹಾಗೇ ಅಂದ್ಕೊಂಡೆ. ನಲವತ್ತೆರಡು ವರ್ಷ ಹಾಗೇ ಅಂದ್ಕೊಂಡಿದೀನಿ."

ಅವನಿಗೆ ಅಂಥ ಒಬ್ಬ ಅಕ್ಕ ಇದ್ದಳೆಂಬುದೇ ಗೊತ್ತಿರಲಿಲ್ಲ.

"ನಿನ್ನ ಎರಡು ವಾರದ ಮಾತು ಆಡಿದೋಳು ನಾನು," ಎಂದರು ಅಮ್ಮ. "ಎಲುಬಿಲ್ಲದ ನಾಲಿಗೆ. ನನಗೆ ಅವರು ಅಂದಿದ್ದನ್ನೇ ನಾನು ನಿನಗೆ ಅಂದೆ. ಮನಸ್ಸಲ್ಲಿಟ್ಕೋಬೇಡ ಕಣಮ್ಮ."

ಹೆಂಡತಿ ಎದ್ದು ಅತ್ತೆಯ ತಟ್ಟೆಗೆ ಇನ್ನಷ್ಟು ಬಡಿಸಿದಳು. ಬೇಡ ಎಂದರೂ ಬಡಿಸಿದಳು. ಅಷ್ಟೇ.

ಇದಾಗಿ ಎರಡು ವಾರ ಕಳೆದಿರಬೇಕು. ಮಧ್ಯಾಹ್ನದ ಊಟದ ಗಂಟೆ ಬಾರಿಸುವ ಮೊದಲು ಗೇಟಿನವನು ಬಂದು, "ಚಿಟಿಕೆ, ನಿಮ್ಮ ಮನೆಯೋರು ಬಂದಿದಾರೆ" ಎಂದ. ಹದಿನಾರು ವರ್ಷದಲ್ಲಿ ಅವಳು ಗಿರಣಿಗೆ ಬಂದವಳೇ ಅಲ್ಲ. ಓಡಿಹೋಗಿ ನೋಡಿದರೆ ಕೈಚೀಲ ಹಿಡಿದು ನೆರಳಲ್ಲಿ ನಿಂತಿದ್ದಳು.

"ಏನಾಯ್ತು?"

"ಏನೂ ಆಗಿಲ್ಲ. ಆ ಪುಡಿ ನೋಡಬೇಕು."

ಮೇಲ್ವಿಚಾರಕರನ್ನು ಕೇಳಿ, ತಲೆಗೊಂದು ಬಿಳಿ ಟೋಪಿ ಕೊಡಿಸಿ ಒಳಗೆ ಕರೆದೊಯ್ದ. ಚೀಲ ಹೊಲಿಯುವ ಮುದುಕ ಎದ್ದು ನಿಂತು ನಮಸ್ಕಾರ ಮಾಡಿದ, ಆ ದಿನ ಯಾರಿಗೂ ಹೆಸರಿಡಲಿಲ್ಲ. ಯಂತ್ರಗಳ ಸದ್ದಿನಲ್ಲಿ ನೆಲವೇ ಗುಂಯ್‌ಗುಡುತ್ತಿತ್ತು. ಅವನು ಡಬ್ಬದ ಕೆಳಗೆ ತಟ್ಟೆ ಹಿಡಿದು, ಗಡಿಯಾರ ನೋಡಿ, ನಿಮಿಷವಾದೊಡನೆ ತೆಗೆದು ತಕ್ಕಡಿಗೆ ಇಟ್ಟ. ಅವಳು ಬಗ್ಗಿ ಅಂಕಿ ಓದಿದಳು. ತೂಕ ಸರಿಯಾಗಿತ್ತು. ಅಳತೆಯ ಕೆಲಸದವಳಲ್ಲವೇ, ಹುಬ್ಬಿನ ಗಂಟು ಸ್ವಲ್ಪ ಸಡಿಲಾಯಿತು. ತಿಳಿಹಳದಿ ಪುಡಿಯನ್ನು ಬೆರಳ ತುದಿಯಲ್ಲಿ ಮುಟ್ಟಿದಳು.

"ಇದರಲ್ಲಿ ಫೋಲಿಕ್ ಎಷ್ಟು?" ಅವನ ಕಿವಿಯ ಹತ್ತಿರ ಬಂದು ಕೂಗಿದಳು.

"ಟನ್ ಹಿಟ್ಟಿಗೆ ಎರಡು ಗ್ರಾಂ!"

ಅವಳು ಬೆರಳನ್ನೇ ನೋಡುತ್ತ ಏನೋ ಹೇಳಿದಳು. ಕೇಳಿಸಲಿಲ್ಲ.

"ಏನು?"

"ಅವನು ಹೇಗಿದ್ದ?" ಎಂದು ಕೂಗಿದಳು.

ಕೇಳಿಸಿತು. ಆದರೂ ಕೇಳಿಸಿದ್ದು ಅದೇ ಹೌದೋ ಎಂದು ಅವನು ನಿಂತೇ ಇದ್ದ. ಅಷ್ಟರಲ್ಲಿ ಊಟದ ಗಂಟೆ ಬಾರಿಸಿತು. ಡಬ್ಬವನ್ನು ಜೊತೆಗಾರನಿಗೆ ಒಪ್ಪಿಸಿ, ಅವಳ ಮೊಳಕೈ ಹಿಡಿದು ಹಿಂದಿನ ಅಂಗಳಕ್ಕೆ ಕರೆತಂದ. ಲಾರಿಗಳು ನಿಲ್ಲುವ ಜಾಗ, ಖಾಲಿಯಾಗಿತ್ತು. ಮಡಚಿಟ್ಟ ಚೀಲಗಳ ಮೇಲೆ ಇಬ್ಬರೂ ಕೂತರು. ಇಷ್ಟು ದಿನ ಹೇಳಬೇಕೆಂದು ಕಾದಿದ್ದ ಮಾತುಗಳೆಲ್ಲ ಈಗ ಹೊರಬರಲು ನಾಚಿಕೊಂಡವು.

"ಟೋಪಿ ಹಾಕಿದ್ರು," ಎಂದ ಕೊನೆಗೆ. "ನರ್ಸು. ಉಣ್ಣೆಯದು, ನೀಲಿ. ಹುಬ್ಬಿನವರೆಗೂ ಎಳೆದಿದ್ರು. ಅದರ ಕೆಳಗೆ ಮುಖ ಎಲ್ಲ ಸರಿಯಾಗೇ ಇತ್ತು. ಮೂಗು ಇಷ್ಟೇ ಇಷ್ಟು. ಬಾಯಿ ನಿನ್ನದು. ಕೋಪ ಬಂದಾಗ ನೀನು ಕೆಳತುಟಿ ಒಳಗೆ ಎಳ್ಕೋತೀಯಲ್ಲ, ಹಾಗೆ ಎಳ್ಕೊಂಡಿದ್ದ."

ಅವಳ ಬೆರಳು ತನ್ನ ಕೆಳತುಟಿಯ ಮೇಲೆ ಹೋಯಿತು.

"ನನ್ನ ಎರಡು ಅಂಗೈಯಲ್ಲಿ ಹಿಡಿಸಿದ. ಚರ್ಮ ಕೆಂಪು ಕೆಂಪು. ಬೆರಳೆಲ್ಲ ಇದ್ದವು, ಎಣಿಸಿದೆ. ಕಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ."

"ನಮ್ಮಪ್ಪನಿಗೆ ಹಾಗಿತ್ತು."

"ಅವರದೇ ಇರಬೇಕು. ಬೆಚ್ಚಗಿದ್ದ. ಆಮೇಲೆ... ನನ್ನ ಕೈಯ ಬಿಸಿಯೋ ಏನೋ. ನಾನು ಮಾತಾಡಿದೆ ಅವನ ಹತ್ತಿರ."

"ಏನಂದ್ರಿ?"

"ಅಮ್ಮಂಗೆ ಈಗ ಸುಸ್ತಾಗಿದೆ, ಅದಕ್ಕೇ ಬರಲಿಲ್ಲ ಅಂದೆ. ಇನ್ನೇನು ಹೇಳಬೇಕು ಗೊತ್ತಾಗಲಿಲ್ಲ."

ಅವಳು ಅಳುತ್ತಾಳೆಂದುಕೊಂಡಿದ್ದ. ಅವನೇ ಅತ್ತ. ಹಿಟ್ಟು ಮೆತ್ತಿದ ಮುಖದ ಮೇಲೆ ನೀರು ಇಳಿದು ಅಂಟಂಟಾಯಿತು. ಅವಳು ಸೆರಗಿನಿಂದ ಒರೆಸಿದಳು, ಅಂಗಡಿಯಲ್ಲಿ ಗಾಜು ಒರೆಸುವ ಹಾಗೆ, ಅಂಚಿನಿಂದ ನಡುವಿಗೆ.

"ನಾಲ್ಕು ವರ್ಷ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

"ನೀವಾಗಿ ಹೇಳ್ತೀರಿ ಅಂತ ನಾನು ಕಾಯ್ತಿದ್ದೆ. ಹೇಳದೇ ಇದ್ದಾಗ, ನೋಡೋಕಾಗದ ಹಾಗಿದ್ದ ಅನ್ಸುತ್ತೆ ಅಂದ್ಕೊಂಡೆ."

ಅವಳು ಹಿಟ್ಟು ಮೆತ್ತಿದ ಸೆರಗನ್ನು ಕೊಡವಿ ಹೇಳಿದಳು: "ಮೊನ್ನೆ ನಾನೊಬ್ಬಳೇ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಅತ್ತೆಯ ಮಗುವಿನ ವಿಷಯನೂ ಹೇಳಿದೆ, ಬರ್ಕೊಂಡ್ರು. ಮಾತ್ರೆ ತಗೊಂಡ್ರೆ ಮತ್ತೆ ಹಾಗಾಗೋದು ತುಂಬಾ ಕಡಿಮೆಯಾಗುತ್ತೆ, ಆಗೋದೇ ಇಲ್ಲ ಅಂತ ಮಾತು ಕೊಡಲ್ಲ ಅಂದ್ರು. ಅದು ಹಿಡಿಸ್ತು ನನಗೆ. ಸುಳ್ಳು ಧೈರ್ಯ ಹೇಳಿದ್ರೆ ಎದ್ದು ಬರ್ತಿದ್ದೆ." ಉಸಿರೆಳೆದುಕೊಂಡಳು. "ಶುರು ಮಾಡಿದೀನಿ. ಇವತ್ತಿಗೆ ಐದನೇ ದಿನ."

"ಪಟ್ಟಿ ಹಾಗೇ ಇದೆಯಲ್ಲ! ಬೆಳಿಗ್ಗೆ ತಾನೇ—"

"ಬೆಳಿಗ್ಗೆ ತಾನೇ ಎಣಿಸಿದ್ರಿ. ನನಗೆ ಕಾಣಲ್ವಾ? ಅದರ ತಾರೀಖು ಮುಗಿದು ತಿಂಗಳಾಯ್ತು. ಮಾತ್ರೆ ಎಣಿಸೋದ್ರಲ್ಲಿ ಈ ಸಲ ನೀವು ತಾರೀಖು ನೋಡೋದು ಮರೆತ್ರಿ. ಹೊಸದು ಅಂಗಡಿಯಲ್ಲಿ ನನ್ನ ಡ್ರಾಯರಿನಲ್ಲಿದೆ. ಯಾರೋ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದ್ರೆ ನನ್ನ ಗಂಟಲಲ್ಲಿ ಇಳಿಯಲ್ಲ ರೀ."

ಅವನಿಗೆ ನಗು ಬಂತು. ನಾಲ್ಕು ವರ್ಷ ತಾನು ಒತ್ತಾಯ ಮಾಡುತ್ತಿಲ್ಲ ಎಂದು ಬೀಗಿದ್ದನಲ್ಲ!

ಮಾತ್ರೆ ನುಂಗಿದ ಮಾತ್ರಕ್ಕೆ ಮಗು ಮಡಿಲಿಗೆ ಬಂದು ಬೀಳುವುದಿಲ್ಲ. ಡಾಕ್ಟರಮ್ಮ ಹೇಳಿದ ಮೂರು ತಿಂಗಳು ಕಳೆಯಿತು. ಆಮೇಲೆ ಇನ್ನೂ ಹನ್ನೊಂದು ತಿಂಗಳು. ಪ್ರತಿ ತಿಂಗಳೂ ನಾಲ್ಕೈದು ದಿನ ಆ ಮನೆಯಲ್ಲಿ ಉಸಿರೂ ಮೆಲ್ಲಗೆ ಆಡುತ್ತಿತ್ತು. ಪ್ರತಿ ಸಲ ಅದರ ಕೊನೆಗೊಂದು ಬೆಳಿಗ್ಗೆ ಅವಳು ಬಚ್ಚಲಿನಿಂದ ಬಂದು, ಮುಟ್ಟಾಗಿದೆ ಎಂದು ತಲೆ ಅಡ್ಡಡ್ಡ ಆಡಿಸುತ್ತಿದ್ದಳು. ಅಮ್ಮ ಏನೂ ಕಾಣದವರಂತೆ ಬಟ್ಟೆ ಮಡಚುತ್ತಿದ್ದರು. ಅವನು ಕಲಿತಿದ್ದ, ಏನನ್ನೂ ಎಣಿಸುತ್ತಿರಲಿಲ್ಲ. ಆದರೆ ಗಿರಣಿಯ ಹಿಟ್ಟಿನ ಪೊಟ್ಟಣ ಕೊಳ್ಳುತ್ತ ಅಂಗಡಿಯ ಮುಂದೆ ನಿಂತ ಹೆಂಗಸರನ್ನು ಕಂಡರೆ ಅವನಿಗೆ ಹೇಳಲಾಗದ ಒಂದು ಆಸೆ, ಒಂದು ಹೊಟ್ಟೆಕಿಚ್ಚು, ಎರಡೂ ಒಟ್ಟಿಗೆ ಏಳುತ್ತಿದ್ದವು.

ಹನ್ನೆರಡನೆಯ ತಿಂಗಳು ಅವಳು ತಲೆ ಆಡಿಸಲಿಲ್ಲ.

ಸ್ಕ್ಯಾನಿಂಗಿನ ದಿನ ಬೇರೆ ಕೋಣೆ, ಬೇರೆ ಹುಡುಗಿ. ಇವಳು ಮೊದಲಿನಿಂದಲೂ ಮಾತಾಡಲೇ ಇಲ್ಲ. ತೆರೆಯ ಮೇಲೆ ಬೂದು ಬಣ್ಣದ ಮೋಡಗಳು ಕದಲಿದವು. ಹೆಂಡತಿಯ ಉಗುರು ಅವನ ಅಂಗೈಗೆ ನಾಟಿತ್ತು. ಎಷ್ಟೋ ಹೊತ್ತಿನ ಮೇಲೆ ಹುಡುಗಿ, "ತಲೆ ಸರಿಯಾಗಿದೆ, ಬೆನ್ನು ಪೂರ್ತಿ ಮುಚ್ಚಿದೆ" ಎಂದು, ಏನೋ ದಿನಸಿ ಪಟ್ಟಿ ಓದುವಷ್ಟು ಸಲೀಸಾಗಿ ಹೇಳಿದಳು.

"ಇನ್ನೊಂದ್ಸಲ ಹೇಳಮ್ಮ" ಎಂದಳು ಹೆಂಡತಿ.

ಹುಡುಗಿ ಹೇಳಿದಳು. ಅವಳು ಮೂರನೆಯ ಸಲವೂ ಕೇಳಿದಳು.

ಹೆಣ್ಣು ಹುಟ್ಟಿತು. ಎರಡೂ ಮುಕ್ಕಾಲು ಕಿಲೋ, ಊರು ಕೇಳುವಂಥ ಗಂಟಲು. ಅಮ್ಮ ಮೊದಲು ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿನ ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದರು. ಸೊಂಟದ ಹತ್ತಿರ ಬೆರಳು ಬಹಳ ಹೊತ್ತು ನಿಂತಿತು.

ಈಗ ಮಗಳಿಗೆ ಒಂದೂವರೆ ವರ್ಷ. ಬೆಳಿಗ್ಗೆ ಹೆಂಡತಿ ಅಂಗಡಿಗೆ ಹೊರಡುವಾಗ ಅವನೂ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ ನಿಲ್ದಾಣದವರೆಗೆ ಹೋಗುತ್ತಾನೆ. ದಾರಿಯಲ್ಲಿ ಒಂದು ಶಾಲೆ. ಮೊನ್ನೆ ಗೇಟಿನೊಳಗೆ ಮಕ್ಕಳು ಸಾಲಾಗಿ ನಿಂತಿದ್ದರು. ಅವನು ನಡೆಯುವುದನ್ನು ಮರೆತು ಕಂಬಿಯ ಈಚೆ ನಿಂತ. ಇದ್ದಿದ್ದರೆ ಏಳು ವರ್ಷ. ಎರಡನೇ ತರಗತಿ. ಎಷ್ಟು ಎತ್ತರ ಇರುತ್ತಿದ್ದ? ಆ ಮೂರನೆಯವನಷ್ಟೋ, ಅದರ ಹಿಂದಿನವನಷ್ಟೋ?

"ಬಸ್ ಹೋಗುತ್ತೆ" ಎನ್ನಬೇಕಾದ ಹೆಂಡತಿ ಏನೂ ಅನ್ನಲಿಲ್ಲ. ತಿರುಗಿ ನೋಡಿದರೆ ಅವಳೂ ನಿಂತಿದ್ದಳು.

"ಹಿಂದಿನಿಂದ ಎರಡನೆಯೋನು," ಎಂದಳು ಮೆಲ್ಲಗೆ. "ಅಷ್ಟು ಇರ್ತಿದ್ದ."

"ಇನ್ನೂ ಸ್ವಲ್ಪ ಉದ್ದ. ನನ್ನ ಮಗ ಅಲ್ವಾ?"

"ಹ್ಞೂಂ. ಸ್ವಲ್ಪ ಉದ್ದ."

ಮಕ್ಕಳ ಸಾಲು ಕದಲಿ ಒಳಗೆ ಹೋಗುವವರೆಗೂ ಇಬ್ಬರೂ ನಿಂತಿದ್ದರು. ಹೆಗಲ ಮೇಲಿದ್ದವಳಿಗೆ ಬೇಸರವಾಗಿ, ಅಪ್ಪನ ಎರಡೂ ಕಿವಿ ಹಿಡಿದು ಮುಂದಕ್ಕೆ ಎಳೆಯತೊಡಗಿದಳು.